ಪರದೆಯ ಹಿಂದಿನ ಕರಿ ಕಾಯಿ

"ಅಮ್ಮ ಬಂದ ಮನ್ಯಾಗ ಒಗ್ಗರಣಿ ಹಾಕ್ತಾರೇನ್ರಿ, ದಾವಲಬೆವ್ವಾರ?"

ಫೌಜದಾರ ಉಳವಪ್ಪ ಇದನ್ನು ಕೇಳಿದ್ದು ಮೆಲ್ಲಗೆ, ಊಟವಾದ ಮೇಲೆ ಎಲೆ ಅಡಿಕೆ ಕೇಳಿದ ಹಾಗೆ. ಆದರೂ ದಾವಲಬಿಯ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರೆಲ್ಲ ಆಕೆಯ ಕಾಲ ಮೇಲೆಯೇ ಸುರಿಯಿತು.

"ಯಾವ ಒಗ್ಗರಣಿ, ಸಾಹೇಬ್ರ?"

"ಮಂಡಕ್ಕಿ ಒಗ್ಗರಣಿ. ಬುದ್ಧಿಬಳದ ಫೈನಲ್ ಇದ್ದ ದಿವಸ ಇದ ಪಡಸಾಲ್ಯಾಗ ಕುಂತು ಮೂರು ತಾಟು ತಿಂದೇನಿ. ರುಚಿ ಇನ್ನೂ ನಾಲಿಗಿ ಮ್ಯಾಲ ಐತಿ. ಅವತ್ತ ನಿಮ್ಮ ಮಗಾ ದಿಲಾವರಗ ಮೈಮ್ಯಾಲ ಅಮ್ಮ ಎದ್ದಾಳಂತ ಬಾಗಲಿಗೆ ಬೇವಿನ ತೊಪ್ಪಲಾ ಕಟ್ಟಿದ್ರಿ."

ಈ ಸೀಮೆಯಲ್ಲಿ ಸಾಬರ ಮನೆಯಾಗಲಿ, ಲಿಂಗಾಯತರ ಮನೆಯಾಗಲಿ, ಅಮ್ಮ ಎದ್ದ, ಅಂದರೆ ಸಿಡುಬು ಬಂದ ರೋಗಿ ಒಳಗೆ ಮಲಗಿದ್ದರೆ ಒಲೆಯ ಮೇಲೆ ಎಣ್ಣೆ ಕಾಯುವುದಿಲ್ಲ. ಸಾಸಿವೆ ಸಿಡಿದರೆ ರೋಗಿಯ ಮೈಮೇಲೆ ಗುಳ್ಳೆಗಳೂ ಸಿಡಿಯುತ್ತವೆ ಎಂದು ಆಡುವ ಮಕ್ಕಳಿಗೂ ಗೊತ್ತು. ಅಂಥ ದಿನ ನೆರೆಮನೆಯವರು ಕೂಡ ಬಾಗಿಲು ಮುಚ್ಚಿಕೊಂಡು ಒಗ್ಗರಣೆ ಹಾಕುತ್ತಾರೆ. ಹೆತ್ತ ತಾಯಿಯಂತೂ ಹಾಕುವ ಮಾತೇ ಇಲ್ಲ.

ಅಂದರೆ ಅವತ್ತು ಒಳಬಾಗಿಲ ಪರದೆಯ ಹಿಂದೆ ಮಲಗಿದ್ದಾನೆ ಎಂದಿದ್ದ ರೋಗಿ ಅಲ್ಲಿ ಇರಲೇ ಇಲ್ಲ.

"ಬಾಜೂ ಮನಿಯಿಂದ ತರಿಸಿದ್ದೆ," ಎಂದಳು ದಾವಲಬಿ.

"ಹಂಗಾರ ಆಟಕ್ಕ ಪಂಚರಾಗಿ ಕುಂತ ಸಾಲಿ ಮಾಸ್ತರ್ರು ಯಾಕ ಕೆಮ್ಮಿದ್ರು? ಮೆಣಸಿನಕಾಯಿ ಘಾಟು ನಿಮ್ಮ ಅಡಗಿ ಮನಿಯಿಂದನ ಬಂತು. ಮಾಸ್ತರ್ರು ಕಣ್ಣು ಒರಿಸಿಕೊಂತ, 'ವಾಸನಿ ಭಾರಿ ಐತಿ ಬಿಡ್ರಿ' ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ."

ನಕ್ಕವರಲ್ಲಿ ಯಾರಿಗೂ ಹೊಳೆಯಲಿಲ್ಲ ಎನ್ನುವುದೇ ವಿಚಿತ್ರ. ಹೊಟ್ಟೆ ಹಸಿದಾಗ ಬುದ್ಧಿ ಬಾಗಿಲ ಹೊರಗೆ ಚಪ್ಪಲಿಯ ಪಕ್ಕ ಕೂತಿರುತ್ತದೆ. ಉಳವಪ್ಪನಿಗೂ ಇದು ಹೊಳೆದದ್ದು ಮೊನ್ನೆ. ಅವನ ಸಣ್ಣ ಮಗಳಿಗೆ ಅಮ್ಮ ಬಂದಿತ್ತು. ಮನೆಯಲ್ಲಿ ಸಪ್ಪನೆಯ ಸಾರು ಉಂಡು ಬೇಸತ್ತ ಅವನು, "ಒಂಚೂರು ಒಗ್ಗರಣಿ ಹಾಕ" ಎಂದು ಬಾಯಿ ತೆರೆದ. ಹೆಂಡತಿ ಸುಶೀಲವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಕೂಸಿನ ಜೀವಕಿಂತ ನಿಮ್ಮ ನಾಲಿಗಿ ದೊಡ್ಡದಾತೇನ್ರಿ?" ಎಂದು ಅವಳು ಕೇಳಿದಾಗ ಉಳವಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೈಗುಳದಿಂದಲ್ಲ, ಮಂಡಕ್ಕಿಯ ನೆನಪಿನಿಂದ.

ಶಿಗ್ಗಾಂವಿಯ ಹತ್ತಿ ಗಿರಣಿಯ ಆಳುಗಳ ಮೇಲಿನ ಮುಕಾದಮ ಗುದ್ಲೆಪ್ಪನ ತಲೆಯನ್ನು ಹಾಡುಹಗಲಲ್ಲಿ ಒಡೆದವರು ಯಾರು ಎಂಬ ಪ್ರಶ್ನೆಗೆ ಉಳವಪ್ಪನ ಠಾಣೆ ಆಗಲೇ ಉತ್ತರ ಬರೆದು ಕಳಿಸಿತ್ತು. ಆ ಉತ್ತರ ತಪ್ಪು ಎಂದು ಆ ತುತ್ತಿನ ಜೊತೆಗೆ ಅವನಿಗೆ ಗೊತ್ತಾಯಿತು.

ಮೊದಲ ಸಂಶಯ ದಿಲಾವರನ ಮೇಲೆಯೇ ಇತ್ತು. ಗಿರಣಿಯಲ್ಲಿ ಫಿಟರ್ ಆಗಿದ್ದ ಅವನಿಗೆ ಗುದ್ಲೆಪ್ಪ ಎಲ್ಲ ಆಳುಗಳೆದುರು ಚಪ್ಪಲಿಯಿಂದ ಹೊಡೆದಿದ್ದ. ಆದರೆ ಕೊಲೆಯಾದ ಹೊತ್ತಿಗೆ ದಿಲಾವರ ಸವಣೂರಿನ ತನ್ನ ಮನೆಯಲ್ಲಿ, ಪರದೆಯ ಹಿಂದೆ ಮಲಗಿಕೊಂಡು, ಹಾನಗಲ್ಲಿನ ವಕೀಲ ಬಸವಣ್ಣೆಪ್ಪನವರ ಜೊತೆ ಚದುರಂಗದ ಪಂದ್ಯಾವಳಿಯ ಕೊನೆಯ ಆಟ ಆಡುತ್ತಿದ್ದನೆಂದು ಎಲ್ಲರ ಲೆಕ್ಕ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನಿಂದ ಬಂದ ಆಟಗಾರರೆಲ್ಲ ಸಾಕ್ಷಿ. ಅಷ್ಟೇ ಏಕೆ, ಮೊದಲ ಸುತ್ತಿನಲ್ಲೇ ಸೋತು ಪ್ರೇಕ್ಷಕನಾಗಿ ಕುಳಿತಿದ್ದ ಫೌಜದಾರ ಉಳವಪ್ಪನೂ ಸಾಕ್ಷಿ!

ಹಾಗಾಗಿ ಬೇರೆಯವನನ್ನು ಹಿಡಿಯಬೇಕಾಯಿತು. ಸಿಕ್ಕವನು ಚಿಕ್ಕೇರೂರಿನ ಬಂಡಿಯ ದ್ಯಾಮಪ್ಪ. ರಕ್ತದಲ್ಲಿ ಬಿದ್ದಿದ್ದ ಗುದ್ಲೆಪ್ಪನನ್ನು ಎರಡೂ ಕೈಗಳಿಂದ ಎತ್ತಿ ತನ್ನ ಬಂಡಿಯಲ್ಲಿ ದವಾಖಾನೆಗೆ ತಂದವನು ಅವನೇ. ದವಾಖಾನೆ ಮುಟ್ಟುವ ಮೊದಲೇ ಗುದ್ಲೆಪ್ಪ ಸತ್ತ. ದ್ಯಾಮಪ್ಪನ ಧೋತರಕ್ಕೆ ರಕ್ತ ಹತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಇಲಾಖೆ! ಕೈಗೆ ಬೇಡಿ ಹಾಕುವಾಗ ದ್ಯಾಮಪ್ಪ, "ಎತ್ತಿಗೆ ನೀರು ಕುಡಿಸಿಲ್ರಿ ಸಾಹೇಬ್ರ, ಯಾರಿಗಾರ ಹೇಳ್ರಿ" ಎಂದಿದ್ದ. ಉಳವಪ್ಪ ಆ ಮಾತನ್ನು ಕೇಳಿಯೂ ಬೇಡಿ ಹಾಕಿದ. ಈಗ ರಾತ್ರಿ ಮಲಗಿದರೆ ಆ ಮಾತೇ ಕಿವಿಗೆ ಬರುತ್ತದೆ.

ಸೋಮವಾರ ಧಾರವಾಡದ ಕೋರ್ಟಿನಲ್ಲಿ ದ್ಯಾಮಪ್ಪನ ವಿಚಾರಣೆ. ಅವನ ಪುಣ್ಯಕ್ಕೆ ಬಸವಣ್ಣೆಪ್ಪ ವಕೀಲರು ಫೀ ಇಲ್ಲದೆ ಅವನ ಪರ ನಿಂತಿದ್ದಾರೆ. ದೊಡ್ಡ ಮನಸ್ಸಿನವರು ಎಂದು ಸುತ್ತಲಿನ ತಾಲೂಕಿನ ಜನ ಹೊಗಳುತ್ತಾರೆ. ನಿನ್ನೆ ದ್ಯಾಮಪ್ಪನ ಹೆಂಡತಿ ಹೊನ್ನವ್ವ ಠಾಣೆಗೆ ಬಂದು ಸೆರಗು ಬಾಯಿಗೆ ಒತ್ತಿ ಹೇಳಿದ್ದಳು: "ವಕೀಲ್ರು ಹೇಳ್ಯಾರ್ರಿ, ತಪ್ಪಾತಂತ ಒಪ್ಪಿಕೊಂಡ್ರ ಜೀವ ಒಂದು ಉಳಸ್ತೇನಿ ಅಂತ. ಮಾಡದ ತಪ್ಪು ಒಪ್ಪಿಕೊಳ್ಳೂದು ಹ್ಯಾಂಗ್ರಿ? ಒಪ್ಪಿಕೊಳ್ಳಲಿಲ್ಲಂದ್ರ ಗಲ್ಲಿಗೆ ಹಾಕ್ತಾರಂತ!"

ಅವಳಿಗೆ ಕೊಡಬೇಕಾದ ಉತ್ತರ ಹುಡುಕಿಕೊಂಡೇ ಉಳವಪ್ಪ ಇವತ್ತು ಸವಣೂರಿಗೆ ಬಂದದ್ದು.

ಬಂದದ್ದೇನೋ ಬಂದ. ಆದರೆ ಸವಣೂರು ನವಾಬರ ಸಂಸ್ಥಾನ. ಸೀಮೆಯ ಕಲ್ಲು ದಾಟಿದರೆ ಶಿಗ್ಗಾಂವಿಯ ಫೌಜದಾರನ ಟೋಪಿಗೆ ಕಿಮ್ಮತ್ತಿಲ್ಲ. ಇಲ್ಲಿಯ ಸಾಕ್ಷಿಯನ್ನು ಕರೆಸಲು ಕಾಗದ ಹೋಗಿ ಬರುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಅದಕ್ಕೇ ಅವನು ಟೋಪಿ ಮನೆಯಲ್ಲಿಟ್ಟು, ಧೋತರ ಉಟ್ಟು, ಬಗಲಲ್ಲಿ ಒಂದು ಬಟ್ಟೆಯ ಗಂಟು ಹಿಡಿದು ಬಂದಿದ್ದ. ಇಲ್ಲಿ ಅವನು ಕೇಳಬಹುದು ಅಷ್ಟೇ. ಹೇಳುವುದು ಬಿಡುವುದು ಮನೆಯವರ ಮರ್ಜಿ.

"ದಿಲಾವರ ಎಲ್ಲಿ?"

"ಹಿರೇಕೆರೂರಿಗೆ ಹೋಗ್ಯಾನ. ಅವರ ಮಾಮಾ ಹಯಾತನ ಕಡೆ."

"ಆಮ್ಯಾಲ ನೋಡಿದಾಗ ಅವನ ಮುಖದ ಮ್ಯಾಲ ಒಂದು ಗುಳ್ಳಿ ಕಲಿ ಸೈತ ಇದ್ದಿಲ್ಲಲ್ರಿ."

"ಸಣ್ಣ ಅಮ್ಮ ಅದು. ಕಲಿ ಬಿಡಲಿಲ್ಲ."

"ಸಣ್ಣ ಅಮ್ಮ ಇದ್ರೂ ಒಗ್ಗರಣಿ ಹಾಕಂಗಿಲ್ರಿ, ಯವ್ವಾ."

ದಾವಲಬಿ ಹೊಸ್ತಿಲ ಮೇಲೆ ಕುಸಿದು ಕುಳಿತಳು. ತಲೆಯ ಮೇಲಿನ ಸೆರಗು ಜಾರಿದ್ದೂ ಆಕೆಗೆ ತಿಳಿಯಲಿಲ್ಲ. "ಮಂದಿ ಮಧ್ಯಾಹ್ನದಿಂದ ಹಸದು ಕುಂತಿದ್ರು," ಎಂದಳು, ತನಗೇ ಹೇಳಿಕೊಂಡ ಹಾಗೆ. "ಊರಿಂದೂರಿಗೆ ಬಂದ ಮಂದಿ. ಗಂಡ ತೀರಿಕೊಂಡ ಮ್ಯಾಲ ಶೇಖಸಾಬನ ಮನಿಯಿಂದ ಹಸದು ಹೋದ್ರು ಅನ್ನಬಾರ್ದಲ್ಲ. ಕೈ ತಾನ ಹೋತು ಎಣ್ಣಿ ಗಿಂಡಿಗೆ. ಯಾ ಅಲ್ಲಾ, ಒಂದು ಹಿಡಿ ಮಂಡಕ್ಕಿಗೆ ಮಗನ್ನ ಕೊಟ್ಟೆನೇ!"

ಮೂರು ತಾಟು ತಿಂದ ಉಳವಪ್ಪನಿಗೆ ಆ ಮಾತು ನೇರ ಹೊಟ್ಟೆಗೇ ತಾಗಿತು.

ಪಡಸಾಲೆಯ ಒಳಬಾಗಿಲಿಗೆ ಅದೇ ನೀಲಿ ಪರದೆ ಇವತ್ತೂ ಇಳಿಬಿದ್ದಿತ್ತು. ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಅವನು ಗಂಟು ಬಿಚ್ಚಿದ. ಒಳಗಿದ್ದದ್ದು ಬುದ್ಧಿಬಳದ ಹಾಸು ಮತ್ತು ಕಾಯಿಗಳು.

ಅವತ್ತಿನ ಏರ್ಪಾಡು ಹೀಗಿತ್ತು. ಹೊರಗೆ ಪಡಸಾಲೆಯಲ್ಲಿ ಹಾಸು. ಬಿಳಿ ಕಾಯಿಗಳ ಹಿಂದೆ ವಕೀಲರು. ಒಳಗೆ ಪರದೆಯ ಆಚೆ ಇನ್ನೊಂದು ಹಾಸು. ವಕೀಲರು ಒಂದು ನಡೆ ಆಡಿದರೆ ಮಾಸ್ತರರು ಅದನ್ನು ಜೋರಾಗಿ ಹೇಳುವುದು. ದಿಲಾವರನಿಗೆ ಗಂಟಲಲ್ಲೂ ಗುಳ್ಳೆ, ಮಾತಾಡಲು ಆಗದು ಎಂದಿದ್ದರಿಂದ, ಅವನ ತಾಯಿ ಪರದೆಗೆ ಕಿವಿ ಕೊಟ್ಟು ಕೇಳಿ, ಹೊರಗೆ ಬಂದು ಕರಿ ಕಾಯಿ ನಡೆಸುವುದು. ಆಟ ಮುಂದೂಡೋಣ ಎಂದು ಮಾಸ್ತರರು ಅಂದಿದ್ದರು. ಬೇಡ, ಹುಡುಗನ ಮನಸ್ಸು ಮುರಿಯಬಾರದು, ಅವನ ಮನೆಯಲ್ಲೇ ಪರದೆ ಕಟ್ಟಿ ಆಡೋಣ ಎಂದು ಹೇಳಿಕಳಿಸಿದವರು ವಕೀಲರೇ.

ಉಳವಪ್ಪ ಕಾಯಿ ಹೂಡುತ್ತಾ ಪರದೆಗೆ ಕೇಳುವ ಹಾಗೆ ಮಾತಾಡಿದ.

"ಶೇಖಸಾಬರು ನನಗ ಗುರುಗಳು. ದೇಸಿ ಆಟಾನೂ ಕಲಿಸಿದ್ರು, ವಿಲಾಯತಿ ಆಟಾನೂ ಕಲಿಸಿದ್ರು. ದಿಲಾವರನ ಆಟ ನನಗ ಗೊತ್ತೈತಿ. ಮೊದಲ ವಜೀರನ್ನ ಹೊರಗ ಹಾಕ್ತಾನ, ಆಮ್ಯಾಲ ವಿಚಾರ ಮಾಡ್ತಾನ. ವಜೀರ ಹೋತಂದ್ರ ಮೂಗು ಹೋದಂಗ ಅವಗ. ಕಾಯಿ ಕೆಡಿವಿ ಎದ್ದು ಹೋಗ್ತಾನ. ಆದ್ರ ಅವತ್ತ?"

ಅವತ್ತಿನ ಕರಿ ಬೇರೆಯೇ ರೀತಿ ಆಡಿತ್ತು. ರಾಜನ ಮುಂದಿನ ಪ್ಯಾದೆ ಎರಡು ಮನೆ, ಕುದುರೆ ಹೊರಗೆ, ಒಂಟೆ ಹೊರಗೆ. ವಿಲಾಯತಿ ಪುಸ್ತಕಗಳಲ್ಲಿ ಇಟಾಲಿ ಆರಂಭ ಎಂದು ಬರೆಯುವ ಹಳೆಯ ಶಿಸ್ತಿನ ಆಟ, ಹಿರಿಯರ ಎದುರು ಸೆರಗು ಸರಿಮಾಡಿಕೊಂಡು ಕುಳಿತಂಥ ಆಟ. ವಕೀಲರು ರಾಜನಿಗೆ ಕೋಟೆ ಕಟ್ಟಿದರು. ಆಮೇಲೆ ಕರಿಯ ಅಂಚಿನ ಪ್ಯಾದೆಗಳು ಎದ್ದು ಬಿಳಿ ಒಂಟೆಯನ್ನು ಅಟ್ಟತೊಡಗಿದವು. ವಕೀಲರ ಕುದುರೆ ಸಂದು ಸಿಕ್ಕಲ್ಲಿ ನುಗ್ಗಿ, ಕರಿಯ ವಜೀರ ಮತ್ತು ಆನೆ ಎರಡಕ್ಕೂ ಒಮ್ಮೆಲೇ ಬಾಯಿ ಹಾಕಿತು. ದಿಲಾವರನ ಕಥೆ ಮುಗಿಯಿತು ಎಂದು ಎಲ್ಲರೂ ಪಿಸುಗುಟ್ಟಿದರು. ಪರದೆಯ ಹಿಂದಿನವರು ವಜೀರನನ್ನು ಮುಟ್ಟಲೇ ಇಲ್ಲ. ಬೇಕಾದರೆ ತಗೊಳ್ಳಿ ಎನ್ನುವ ಹಾಗೆ, ಸುಮ್ಮನೆ ಪ್ಯಾದೆಯಿಂದ ಬಿಳಿ ಒಂಟೆಯನ್ನು ಹೊಡೆದರು. ವಕೀಲರು ವಜೀರನನ್ನು ತಗೊಂಡರು. ಅಲ್ಲಿಂದ ಮುಂದೆ ಒಂಟೆ, ಕುದುರೆ, ಮತ್ತೆ ಒಂಟೆ. ಕಡೆಗೆ ಬಿಳಿ ರಾಜನನ್ನು ಕಟ್ಟಿಹಾಕಿ ಮಾತ್ ಹೇಳಿದ್ದು ಒಂದು ಬಡ ಪ್ಯಾದೆ.

ಪಡಸಾಲೆಯಲ್ಲಿ ಆಮೇಲೆ ಚಪ್ಪಾಳೆ ಬಿದ್ದವು. ಕರಿ ಗೆದ್ದಿತ್ತು.

ಉಳವಪ್ಪ ಕುದುರೆ ನುಗ್ಗಿದ ಗಳಿಗೆಯವರೆಗೆ ಕಾಯಿಗಳನ್ನು ನಡೆಸಿ ನಿಲ್ಲಿಸಿದ. ಬಿಳಿ ಕುದುರೆಯ ಬಾಯಲ್ಲಿ ಕರಿ ವಜೀರ ಮತ್ತು ಆನೆ. ಈಗ ಅವನು ಆಡಬೇಕೆಂದಿದ್ದ ಮಾತು ಅವನಿಗೇ ಇಷ್ಟವಿರಲಿಲ್ಲ. ದ್ಯಾಮಪ್ಪನ ಎತ್ತುಗಳನ್ನು ನೆನೆದು ಆಡಿದ.

"ಆದ್ರೂ ಅದು ನಸೀಬದ ಗೆಲುವು ಬಿಡ್ರಿ. ಬಸವಣ್ಣೆಪ್ಪ ವಕೀಲ್ರು ಹಾನಗಲ್ಲ ಕೋರ್ಟಿನ್ಯಾಗ ಎಲ್ಲಾರ ಮುಂದ ಹೇಳ್ಯಾರ. ವಜೀರನ ಆಶಾಕ್ಕ ಬಿದ್ದು ತಪ್ಪಿದೆ, ಆನಿ ತಗೊಂಡಿದ್ರ ಕರಿ ಅಲ್ಲೇ ಸಾಯ್ತಿತ್ತು ಅಂತ. ಅಂದ್ರ ಪರದಿ ಹಿಂದಿನವರಿಗೆ ಆಟ ತಿಳಿದಿದ್ದಿಲ್ಲ. ಕುರುಡಗ ಕೋಲು ಸಿಕ್ಕಂಗ ಸಿಕ್ತು."

ಪರದೆಯ ಹಿಂದೆ ಬಳೆಗಳ ಸದ್ದಾಯಿತು.

ದಾವಲಬಿ ಗಾಬರಿಯಿಂದ ಎದ್ದು ಮಗಳನ್ನು ಗದರಿದಳು. "ಶಾಕೀರಾ, ಸುಮ್ಮನಿರು!"

ಆದರೆ ಅವಳಿಗೆ ಸುಮ್ಮನಿರಲು ಆಗಲಿಲ್ಲ. ತನ್ನ ಕೈಯ ಅಡುಗೆಗೆ ಹೆಸರಿಟ್ಟರೆ ಯಾವ ಹೆಣ್ಣುಮಗಳು ಸುಮ್ಮನಿರುತ್ತಾಳೆ?

"ಅವರು ಹಂಗ ಅಂದಿರಾಕಿಲ್ಲ," ಎಂದಿತು ಒಳಗಿನ ದನಿ. ಎಳೆಯ ದನಿ, ಸಿಟ್ಟಿನಿಂದ ನಡುಗುತ್ತಿತ್ತು. "ಸುಳ್ಳು. ಆನಿ ತಗೊಂಡಿದ್ರೂ ಉಳೀತಿದ್ದಿಲ್ಲ."

"ಹ್ಯಾಂಗ?"

"ಆನಿ ತಗೊಂಡ್ರ ಅವರ ಕುದರಿ ಹೋಗಿ ಮೂಲಿ ಸೇರ್ತು. ನಾ ವಜೀರನ್ನ ರಾಜಾನ ಮುಂದ ಒಂದು ಮನಿ ತಂದು ನಿಂದ್ರಸ್ತಿದ್ದೆ. ಆ ಕುದರಿ ಹೊಳ್ಳಿ ಬರೂದ್ರಾಗ ನನ್ನ ಒಂಟಿ ಅವರ ಕೋಟಿ ಮುಂದಿನ ಪ್ಯಾದಿ ಹೊಡದು ರಾಜಾಗ ಶಹ ಕೊಡ್ತಿತ್ತು. ಆನೀಲೆ ಒಂಟಿ ಹೊಡೀಬೇಕು, ನನ್ನ ಪ್ಯಾದಿ ಆ ಆನಿ ಹೊಡೀತಿತ್ತು. ರಾಜಾ ಬಯಲಿಗೆ ಬೀಳ್ತಿದ್ದ. ಆಮ್ಯಾಲ ಕುದರೀಲೆ ಶಹ. ನೋಡ್ರಿ ಬೇಕಾದ್ರ, ನಡಸಿ ನೋಡ್ರಿ!"

ಉಳವಪ್ಪ ನಡೆಸಿ ನೋಡಿದ. ಬಿಳಿ ರಾಜ ಬಟ್ಟಬಯಲಲ್ಲಿ ಬಂದು ನಿಂತ. ಉಳವಪ್ಪನ ಮುಖದ ಮೇಲೆ ತನಗರಿವಿಲ್ಲದೆ ಒಂದು ನಗೆ ಮೂಡಿತು. ಒಳ್ಳೆಯ ಆಟ ಕಂಡ ಆಟಗಾರನ ನಗೆ. ಮರುಗಳಿಗೆ ಅದು ಸತ್ತಿತು. ಮಗುವಿಗೆ ಬೆಲ್ಲ ತೋರಿಸಿ ಕಿವಿಯ ಓಲೆ ಬಿಚ್ಚಿಕೊಂಡವನಿಗೂ ತನಗೂ ಏನು ಅಂತರ ಎಂದು ನಾಚಿದ.

"ಶಾಕೀರವ್ವ," ಎಂದ. "'ನಾ' ಅಂದಿ ನೀನು."

ದಾವಲಬಿ ಗೋಡೆಗೆ ಹಣೆ ಹಚ್ಚಿ ನಿಂತಳು.

"ಹೌದ್ರಿ," ಎಂದಿತು ದನಿ ಕೊನೆಗೆ. ಸಿಟ್ಟು ಇಳಿದಿತ್ತು. "ನಾನ ಆಡೇನಿ."

"ಯಾಕವಾ?"

"ಅಣ್ಣ ಕೇಳಿದ. ಬಂಕಾಪುರಕ್ಕ ಒಂದು ಕೆಲಸದ ಸಲುವಾಗಿ ಹೋಗೂದೈತಿ, ಯಾರಿಗೂ ಗೊತ್ತಾಗಬಾರ್ದು, ನನ್ನ ಹೆಸರಿಲೆ ನೀ ಆಡು ಅಂದ. ಸಂಜೀತನಕ ಎಳಿ, ಸೋತರೂ ಚಿಂತಿಲ್ಲ ಅಂದ. ನಾ ಎಂಥಾ ಕೆಲಸ ಅಂತ ಕೇಳಬೇಕಿತ್ರಿ. ಕೇಳಲಿಲ್ಲ. ಕೇಳಿದ್ರ ಎಲ್ಲೆ ಮನಸ್ಸು ಬದಲ್ ಮಾಡ್ತಾನೋ ಅಂತ ಹೆದರಿದೆ. ಅಪ್ಪ ಹೋದ ಮ್ಯಾಲ ನನ್ನ ಕೂಡ ಆಡವ್ರ ಯಾರೂ ಇದ್ದಿಲ್ಲ. ಒಬ್ಬಾಕಿನ ಎರಡೂ ಕಡೆ ಕುಂತು ಆಡ್ತಿದ್ದೆ. ಖರೇ ಆಟಗಾರರ ಎದುರಿಗೆ ಒಂದ ಒಂದು ಸಲ ಆಡೂ ಆಶಾ ಇತ್ರಿ."

ದಾವಲಬಿ ಪರದೆಯ ಕಡೆ ತಿರುಗಿ ನೋಡಿದಳು.

"ಸೋತಿದ್ರ ಛಲೋ ಆಕ್ಕಿತ್ತು," ಎಂದಳು ಶಾಕೀರಾ. "ಸೋತ ಆಟ ಯಾರು ನೆನಪಿಡತಾರ್ರಿ? ಗೆದ್ದೆ, ಅದಕ್ಕ ಊರ ಮಂದಿಯೆಲ್ಲಾ ದಿಲಾವರ ಇಲ್ಲೇ ಇದ್ದ ಅಂತ ಆಣಿ ಮಾಡಿ ಹೇಳಾಕತ್ತಾರ. ಅವತ್ತ ದೀಪ ಹಚ್ಚೂ ಹೊತ್ತಿಗೆ ಹಿತ್ತಲ ಬಾಗಲಿಂದ ಬಂದ ಅಣ್ಣ. ಗೆದ್ದೆನೋ ಅಣ್ಣಾ ಅಂದೆ. ಹ್ಯಾಂಗ ಗೆದ್ದಿ ಅಂತ ಸೈತ ಕೇಳಲಿಲ್ಲ ಅಂವ."

ಗೋಡೆಯ ಮಾಡದಲ್ಲಿ ಬೆಳ್ಳಿಯ ಕಪ್ಪು ಇತ್ತು. ಅದರ ಮೇಲೆ ಕೆತ್ತಿದ್ದ ಹೆಸರು ದಿಲಾವರನದು. ಆ ಕಪ್ಪನ್ನು ದಿನಾ ಒರೆಸಿ ಇಡುವವಳು ಯಾರು ಎಂದು ಉಳವಪ್ಪ ಕೇಳಲಿಲ್ಲ.

"ಗುದ್ಲೆಪ್ಪನ್ನ ದಿಲಾವರನ ಹೊಡದನೇನು?"

"ಗೊತ್ತಿಲ್ರಿ. ಖರೇನ ಗೊತ್ತಿಲ್ಲ. ಕೇಳಿದ್ರ ಮುಖ ಆಕಡೆ ಮಾಡ್ತಾನ. ಮಾಮಾನ ಊರಿಗೆ ಹೋದಂವ ಇನ್ನೂ ಬಂದಿಲ್ಲ."

ಉಳವಪ್ಪ ಹೇಳಬೇಕಾದ್ದನ್ನು ಈಗ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ಸಾಯುತ್ತಿದ್ದವನನ್ನು ಎತ್ತಿಕೊಂಡ ತಪ್ಪಿಗೆ ದ್ಯಾಮಪ್ಪ ಧಾರವಾಡದ ಜೈಲಿನಲ್ಲಿದ್ದಾನೆ. ಅವನ ಕೈಗೆ ಬೇಡಿ ಹಾಕಿದವನು ನಾನೇ. ಸೋಮವಾರ ಅವನು ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಅವತ್ತು ಪರದೆಯ ಹಿಂದೆ ದಿಲಾವರ ಇರಲಿಲ್ಲ ಎಂದು ಕೋರ್ಟಿನಲ್ಲಿ ಒಬ್ಬರು ಹೇಳಿದರೆ ಸಾಕು, ವಿಚಾರಣೆ ನಿಲ್ಲುತ್ತದೆ. ನಿನ್ನನ್ನು ಎಳೆದುಕೊಂಡು ಹೋಗುವ ಅಧಿಕಾರ ನನಗಿಲ್ಲ, ಇದ್ದರೂ ಎಳೆಯುತ್ತಿರಲಿಲ್ಲ ಎಂದ.

"ಬರಂಗಿಲ್ಲ ಆಕಿ," ಎಂದಳು ದಾವಲಬಿ. "ಇರಾಂವ ಒಬ್ಬನ ಮಗಾ ನನಗ. ಒಡಹುಟ್ಟಿದಾಕಿ ಬಾಯಿಲೆ ಅವನ್ನ ಗಲ್ಲಿಗೆ ಏರಿಸೂದಾ? ಮದಿವ್ಯಾಗದ ಹುಡುಗಿ, ಮಂದಿ ಮುಂದ ಕಟಗಟಿ ಹತ್ತೂದಾ? ನಿಮ್ಮ ಮಗಳಿದ್ರ ಕಳಸ್ತಿದ್ರೇನ್ರಿ ಸಾಹೇಬ್ರ?"

ಉಳವಪ್ಪ ತಲೆ ತಗ್ಗಿಸಿದ. ಸುಶೀಲವ್ವನ ಮಡಿಲಲ್ಲಿ ಮೈತುಂಬ ಗುಳ್ಳೆ ಎದ್ದು ಮಲಗಿದ್ದ ಕೂಸು ಕಣ್ಣ ಮುಂದೆ ಬಂತು. "ಗೊತ್ತಿಲ್ರಿ, ಯವ್ವಾ," ಎಂದ. ಅದು ನಿಜವಾದ ಉತ್ತರ.

"ಆ ದ್ಯಾಮಪ್ಪನ ಹೆಂಡ್ತಿ ಹೆಸರೇನ್ರಿ?" ಎಂದು ಕೇಳಿತು ಪರದೆಯ ಹಿಂದಿನ ದನಿ.

"ಹೊನ್ನವ್ವ."

"ಮಕ್ಕಳದಾವೇನು?"

"ಎರಡು. ಸಣ್ಣವು."

ಬೀದಿಯಲ್ಲಿ ವೀಳ್ಯದೆಲೆಯ ಪೆಂಡಿ ಹೇರಿದ ಬಂಡಿಯೊಂದು ಹೋಯಿತು. ದಾವಲಬಿ ಅಳುತ್ತಿದ್ದಳು, ಸದ್ದಿಲ್ಲದೆ.

"ನಾ ಬರ್ತೇನಿ ಅಂದ್ರೂ ನನ್ನ ಮಾತು ಯಾರು ನಂಬತಾರ್ರಿ?" ಎಂದಳು ಶಾಕೀರಾ. "ಪರದ್ಯಾಗಿನ ಹುಡುಗಿ ವಕೀಲರನ್ನ ಸೋಲಿಸಿದ್ಲು ಅಂದ್ರ ನಗತಾರ. ಹುಚ್ಚಿ ಅಂತಾರ."

"ಹಾಸು ಮುಂದ ಇಟ್ರ ಆಡಿ ತೋರಸ್ತೀಯಲ್ಲ."

"ತೋರಸ್ತೇನಿ. ಆದ್ರ ಅದರ ಜರೂರನ ಇಲ್ರಿ. ಅವತ್ತ ಒಳಗ ಅಣ್ಣ ಇದ್ದಿಲ್ಲ ಅನ್ನೂದು ಇನ್ನೊಬ್ಬರಿಗೆ ಗೊತ್ತೈತಿ. ದೊಡ್ಡ ಮನಷ್ಯಾರು. ಅವರು ಹೇಳಿದ್ರ ಕೋರ್ಟು ನಂಬತೈತಿ. ಅವ್ವಾ, ನೀ ಅಳಬ್ಯಾಡ, ನಾ ಕಟಗಟಿ ಹತ್ತೂದೂ ಬರಂಗಿಲ್ಲ."

ಉಳವಪ್ಪ ಸೆಟೆದು ಕುಳಿತ. "ಯಾರಿಗೆ ಗೊತ್ತೈತಿ?"

"ಬಿಳಿ ಆಡಿದವರಿಗೆ. ಬಸವಣ್ಣೆಪ್ಪ ವಕೀಲರಿಗೆ."

ಉಳವಪ್ಪನ ಕೈಯಲ್ಲಿದ್ದ ಕರಿ ಪ್ಯಾದೆ ಹಾಸಿನ ಮೇಲೆ ಬಿದ್ದು ಉರುಳಿತು.

"ಇದನ್ನ ಯಾರಿಗೂ ಹೇಳಿಲ್ರಿ ನಾನು, ಅವ್ವಗೂ ಹೇಳಿಲ್ಲ," ಎಂದಳು ಅವಳು. ದನಿಯಲ್ಲಿ ಮೊದಲ ಬಾರಿಗೆ ಒಂದಿಷ್ಟು ಬೆಚ್ಚಗಿನ ಸಂತೋಷ ಇತ್ತು. "ಆಟ ಮುಗದ ಮ್ಯಾಲ ಎಲ್ಲಾರೂ ಅಂಗಳದಾಗ ಗದ್ದಲಾ ಮಾಡಾಕತ್ತಿದ್ರು. ವಕೀಲ್ರು ಮರತ ಛತ್ರಿ ತಗೊಳ್ಳಾಕ ಹೊಳ್ಳಿ ಬಂದ್ರು. ಪರದಿ ಹತ್ರ ಬಂದು ನಿಂತ್ರು. ನಾ ಉಸರ ಬಿಡಲಿಲ್ಲ. ಅವರು ಬಗ್ಗಿ, ನನಗೊಬ್ಬಾಕಿಗೆ ಕೇಳೂ ಹಂಗ, 'ಛಲೋ ಆಡಿದಿ, ತಂಗಿ' ಅಂದ್ರು."

ಬಸವಣ್ಣೆಪ್ಪನವರಿಗೆ ಅವತ್ತೇ ಗೊತ್ತಿತ್ತು. ಆಟ ಮುಂದೂಡದೆ ಪರದೆ ಕಟ್ಟಿ ಆಡೋಣ ಎಂದು ಹೇಳಿಕಳಿಸಿದವರೂ ಅವರೇ. ದಿಲಾವರ ಮನೆಯಲ್ಲಿಲ್ಲ ಎಂದು ಗೊತ್ತಿದ್ದೂ, ಇದ್ದ ಎಂದು ಠಾಣೆಗೆ ಬಂದು ಮೊದಲ ಸಾಕ್ಷಿ ಹೇಳಿದವರು ಅವರು. ಮರುದಿನವೇ ಹೊನ್ನವ್ವನ ಮನೆ ಹುಡುಕಿಕೊಂಡು ಹೋಗಿ, ಫೀ ಬೇಡ, ನಿನ್ನ ಗಂಡನ ಕೇಸು ನಾನೇ ನಡೆಸುತ್ತೇನೆ ಎಂದವರು ಅವರು. ತಪ್ಪು ಒಪ್ಪಿಕೋ ಎಂದು ಬಡಪಾಯಿಗೆ ಹೇಳುತ್ತಿರುವವರೂ ಅವರೇ. ಅಂಥ ವಕೀಲರಿಗೆ ಗಿರಣಿಯ ಮುಕಾದಮನ ಸಾವಿನಲ್ಲಿ ಏನು ಕೆಲಸ?

ಆ ಹುಡುಗಿಗೆ ದ್ಯಾಮಪ್ಪನ ವಕೀಲ ಯಾರು ಎಂದು ತಾನಿನ್ನೂ ಹೇಳಿಲ್ಲ ಎನ್ನುವುದು ಉಳವಪ್ಪನಿಗೆ ಆಗ ನೆನಪಾಯಿತು. ಉರುಳಿದ ಪ್ಯಾದೆಯನ್ನು ಹೆಕ್ಕಿ ಮತ್ತೆ ಹಾಸಿನ ಮೇಲೆ ನಿಲ್ಲಿಸಿದ.

"ಆ ಕಪ್ಪು ಅಣ್ಣಂದು, ಹಾರ ಅಣ್ಣಗ ಹಾಕಿದ್ರು," ಎನ್ನುತ್ತಿದ್ದಳು ಶಾಕೀರಾ. "ನನಗ ಸಿಕ್ಕಿದ್ದು ಅದೊಂದ ಮಾತು. ದಿನಾ ನೆನಸ್ಕೊಂತೇನಿ. ಹೋಗಿ ಅವರನ್ನ ಕೇಳ್ರಿ, ಸಾಹೇಬ್ರ. ಅವರು ಖರೇ ಹೇಳ್ತಾರ."

ಪರದೆಯ ಅಂಚು ಒಂದು ಬೆರಳಷ್ಟು ಸರಿಯಿತು.

"ಯಾಕ್ರಿ ಸುಮ್ಮನಾದ್ರಿ? ಅವರು ಛಲೋ ಮನಷ್ಯಾರು ಅಲ್ಲೇನ್ರಿ?"